ಬಿಲ್ಲೆ ಒಂದು ಕಡೆ, ಒರಳು ಒಂದು ಕಡೆ

ನಮ್ಮ ಅಡುಗೆಮನೆಯ ಗೋಡೆ ಬೀರುವಿನಲ್ಲಿ ಎರಡು ಸಾಲು. ಮುಂದಿನ ಸಾಲಿನಲ್ಲಿ ಸಾರಿನ ಪುಡಿಯ ಡಬ್ಬ, ಉಪ್ಪಿನ ಜಾಡಿ, ಹುಣಿಸೆಹಣ್ಣಿನ ಗಡಿಗೆ. ಹಿಂದಿನ ಸಾಲಿನಲ್ಲಿ ಅಪ್ಪ.

ಅಪ್ಪ ಅಂದರೆ ಅಪ್ಪ ತಂದ ಸಾಮಾನುಗಳು. ಶ್ರೀರಂಗಪಟ್ಟಣಕ್ಕೋ ಪಾಂಡವಪುರಕ್ಕೋ ಯಾವ ಕೆಲಸಕ್ಕೆ ಹೋದರೂ ಬಸ್ ಸ್ಟ್ಯಾಂಡಿನಲ್ಲಿ ನೆಲಕ್ಕೆ ಬಟ್ಟೆ ಹಾಸಿಕೊಂಡು ಈರುಳ್ಳಿ ಹೆಚ್ಚಿ ತೋರಿಸುವವನ ಮುಂದೆ ಅಪ್ಪನ ಕಾಲು ನಿಂತುಬಿಡುತ್ತಿತ್ತು. ನಾನೂ ಜೊತೆಗಿದ್ದರೆ ಇನ್ನೂ ಅನ್ಯಾಯ. ಅಪ್ಪ ಸಾಮಾನು ಕೊಳ್ಳುವಷ್ಟರಲ್ಲಿ ನಾನು ಆ ಮಾರುವವನನ್ನೇ ಗಂಟಲಿಗೆ ಇಳಿಸಿಕೊಂಡಿರುತ್ತಿದ್ದೆ. ಮನೆಗೆ ಬಂದು ಅವ್ವನ ಮುಂದೆ ನಿಂತು, "ಬನ್ನಿ ತಾಯಿ ಬನ್ನಿ, ಎಂಡ್ತಿ ಕಣ್ಣಲ್ಲಿ ನೀರು ಬರಬಾರ್ದು ಅನ್ನೋ ಗಂಡಸ್ರೆಲ್ಲ ಮುಂದಕ್ ಬನ್ನಿ" ಎಂದು ಶುರು ಮಾಡಿದರೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ನಗುವಿನಲ್ಲಿ ಸಾಮಾನು ಸದ್ದಿಲ್ಲದೆ ಬೀರು ಸೇರುತ್ತಿತ್ತು. ಅಪ್ಪನಿಗೆ ಬೇಕಾಗಿದ್ದೂ ಅದೇ.

ಕಾಯಿ ತುರಿಯುವ ಒಂದು ಯಂತ್ರ ಬಂದಿತ್ತು. ಅದನ್ನು ಮೇಜಿನ ಅಂಚಿಗೆ ಬಿಗಿದು ಹಿಡಿ ತಿರುಗಿಸಬೇಕು. ನಮ್ಮ ಮನೆಯಲ್ಲಿ ಮೇಜೇ ಇರಲಿಲ್ಲ. ಒಲೆ ನೆಲದಲ್ಲಿ, ಈಳಿಗೆಮಣೆ ನೆಲದಲ್ಲಿ, ಅವ್ವ ನೆಲದಲ್ಲಿ. ಸೋಲು ಒಪ್ಪದ ಅಪ್ಪ ಅದನ್ನು ಹಜಾರದ ಮಂಚದ ಅಂಚಿಗೆ ಬಿಗಿದ. ಅವ್ವ ಬಗ್ಗಿ ನಿಂತು ಕಾಯಿ ತುರಿಯುತ್ತಿದ್ದರೆ ಮಂಚದ ಮೇಲೆ ಮಲಗಿದ್ದ ನಾನು ಕೆ.ಆರ್. ಪೇಟೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವನಂತೆ ಕುಲುಕುತ್ತಿದ್ದೆ. ಆ ದಿನ ಸಂಜೆ ಹಾಸಿಗೆಗೆ ಇರುವೆ ಬಂದವು. ಮರುದಿನ ಯಂತ್ರ ಹಿಂದಿನ ಸಾಲಿಗೆ ಹೋಯಿತು.

ಆದರೆ ಹಿಂದಿನ ಸಾಲಿನ ಹಿಂದೆ, ಗೋಡೆಗೆ ಒರಗಿಕೊಂಡು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಇನ್ನೊಂದು ವಸ್ತುವಿತ್ತು. ಅದು ಅಪ್ಪ ತಂದದ್ದಲ್ಲ. ಅಂಗೈಯಗಲದ ಹಿತ್ತಾಳೆ ಬಿಲ್ಲೆ, ಮೈತುಂಬ ಸಣ್ಣ ಸಣ್ಣ ತೂತು. ಶ್ಯಾವಿಗೆ ಒರಳಿನ ಬಿಲ್ಲೆ.

ಒರಳು ಗೋಡೆಯಾಚೆ ದೊಡ್ಡವ್ವನ ಮನೆಯಲ್ಲಿತ್ತು.

ಸಂತೆಬಾಚಹಳ್ಳಿ ಕಡೆಯ ನಮ್ಮ ಊರಿನಲ್ಲಿ ದೊಡ್ಡಪ್ಪನದೂ ನಮ್ಮದೂ ಮೊದಲು ಒಂದೇ ಮನೆ, ಒಂದೇ ಒಲೆ. ಆಗ ಶ್ಯಾವಿಗೆ ಒತ್ತುವ ದಿನ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು, ದೊಡ್ಡವ್ವ ಒರಳಿಗೆ ಹರಳೆಣ್ಣೆ ಸವರುವ ವಾಸನೆಗೆ. ಮೂರು ಕಾಲಿನ ಮರದ ಒರಳು. ನಡುವಿನ ತೂತಿನ ತಳಕ್ಕೆ ಬಿಲ್ಲೆ ಕೂರಿಸಿ, ಅದರ ಮೇಲೆ ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಸುಡುಸುಡುವಾಗಲೇ ತುಂಬಿ, ಉದ್ದದ ಹಿಡಿಯ ಮೇಲೆ ಮೈಭಾರ ಬಿಟ್ಟು ಒತ್ತಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ದೊಡ್ಡವ್ವ ಹಿಡಿಯ ಮೇಲೆ, ಅವ್ವ ಕೆಳಗೆ ತಟ್ಟೆ ಹಿಡಿದು. ಮರ ಕಿರ್ರ್ ಎನ್ನುತ್ತಿತ್ತು. "ಸಾಕೇನಮ್ಮಿ?" ಎಂದು ದೊಡ್ಡವ್ವ. "ಇನ್ನೊಂದ್ ಒತ್ತಕ್ಕಯ್ಯ" ಎಂದು ಅವ್ವ. ಶ್ಯಾವಿಗೆ ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು. ಅದರ ಮೇಲೆ ಬೆಲ್ಲ, ಗಸಗಸೆ, ಏಲಕ್ಕಿ ಹಾಕಿದ ಕಾಯಿಹಾಲು. ಮೊದಲ ತಟ್ಟೆ ಯಾವಾಗಲೂ ನನ್ನ ಅಕ್ಕನಿಗೆ, ಯಾಕೆಂದರೆ ಅವಳು ದೊಡ್ಡವ್ವನ ಮಡಿಲಲ್ಲೇ ಬೆಳೆದವಳು. ನನಗೆ ಎರಡನೆಯದು. ನಾನು ಅಷ್ಟು ಹೊತ್ತಿಗೆ ಒರಳಿನ ಸದ್ದನ್ನು ಬಾಯಲ್ಲೇ ಮಾಡಿ ಮೂರು ಸಲ ಬೈಸಿಕೊಂಡಿರುತ್ತಿದ್ದೆ.

ಆಮೇಲೆ ಮನೆ ಪಾಲಾಯಿತು. ಜಗಳವೇನೂ ಅಲ್ಲ, ಮಕ್ಕಳು ದೊಡ್ಡವರಾದರು, ಜಾಗ ಸಾಲದಾಯಿತು. ಪಾಲು ಮಾಡಲು ಜಗುಲಿಯ ಮೇಲೆ ಕೂತ ಹಿರಿಯರೆಲ್ಲ ಗಂಡಸರು. "ಮರ ಒಂದ್ಕಡೆ ಇಡಿ, ಇತ್ತಾಳೆ ಒಂದ್ಕಡೆ ಇಡಿ" ಎಂದರು. ಮರದ ಸಾಮಾನಿನಲ್ಲಿ ಒರಳು ದೊಡ್ಡಪ್ಪನಿಗೆ ಹೋಯಿತು. ಹಿತ್ತಾಳೆಯನ್ನು ತಕ್ಕಡಿಗಿಟ್ಟರು. ನಮ್ಮ ತಟ್ಟೆ ಒಂದಿಷ್ಟು ಮೇಲಿತ್ತು. ಹಿರಿಯರೊಬ್ಬರು ಸುತ್ತ ಕಣ್ಣಾಡಿಸಿ, ಮೂಲೆಯಲ್ಲಿದ್ದ ಬಿಲ್ಲೆಯನ್ನೆತ್ತಿ ನಮ್ಮ ಕಡೆ ಹಾಕಿದರು. ತಕ್ಕಡಿ ಸಮನಾಯಿತು. ಎಲ್ಲರೂ ತಲೆದೂಗಿದರು. ಹುಟ್ಟಿದಾಗಿನಿಂದ ಶ್ಯಾವಿಗೆ ತಿಂದ ಒಬ್ಬ ಗಂಡಸಿಗೂ ಅದು ಯಾವುದರ ಬಿಲ್ಲೆ ಎಂದು ಹೊಳೆಯಲಿಲ್ಲ. ಜಗುಲಿಯ ತುದಿಯಲ್ಲಿ ಕೂತು ಆ ಹಿರಿಯರ ಕೆಮ್ಮನ್ನು ಅಭ್ಯಾಸ ಮಾಡುತ್ತಿದ್ದ ನನಗೂ.

ಹೆಂಗಸರಿಗೆ ಆ ಸಂಜೆಯೇ ಗೊತ್ತಾಗಿತ್ತು. ಬಿಲ್ಲೆ ಕೊಡಿ ಎಂದು ದೊಡ್ಡವ್ವ ಕೇಳಲಿಲ್ಲ, ತಗೊಳ್ಳಿ ಎಂದು ಅವ್ವ ಕೊಡಲಿಲ್ಲ. ಕೇಳದೆ ಕೊಟ್ಟರೆ ಒರಳಿನ ಮೇಲೆ ಕಣ್ಣಿಟ್ಟ ಹಾಗೆ ಎಂದು ಇವಳು. ಕೊಡದೆ ಕೇಳಿದರೆ ಪಾಲಿನ ಮಾತು ಮತ್ತೆ ಎತ್ತಿದ ಹಾಗೆ ಎಂದು ಅವಳು. ಹೀಗೆ ಒಂದು ವಾರ, ಒಂದು ಹಬ್ಬ, ಒಂದು ವರ್ಷ. ಎರಡನೆಯ ವರ್ಷಕ್ಕೆ ಇಬ್ಬರ ನಡುವೆ ಬೇರೆ ಮಾತೂ ನಿಂತುಹೋಯಿತು. ನಡುವೆ ಎದ್ದ ಗೋಡೆ ಮಾತ್ರ ಪೂರ್ತಿ ಗೋಡೆಯಲ್ಲ. ತೊಲೆಯ ಮಟ್ಟಕ್ಕೆ ಇಟ್ಟಿಗೆ ಮುಗಿದು, ಮೇಲೆ ಹೆಂಚಿನವರೆಗೆ ಖಾಲಿ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು.

ಅಪ್ಪ ಇದಕ್ಕೂ ಬಸ್ ಸ್ಟ್ಯಾಂಡಿನಲ್ಲಿ ಪರಿಹಾರ ಹುಡುಕಿದ. ಒಬ್ಬರೇ ಕೈಯಲ್ಲಿ ತಿರುಗಿಸಿ ಶ್ಯಾವಿಗೆ ಮಾಡುವ ಸ್ಟೀಲಿನ ಒತ್ತು ತಂದ. ಅವ್ವ ಅದನ್ನು ತಿರುಗಿಸಿ ಕೂಡ ನೋಡದೆ ಹಿಂದಿನ ಸಾಲಿಗೆ ಸೇರಿಸಿದಳು. ಗೋಡೆಯಾಚೆಯೂ ದೊಡ್ಡವ್ವನ ಮಗ ಪಾಂಡವಪುರದಿಂದ ಅಂಥದ್ದೇ ಒಂದನ್ನು ತಂದನೆಂದೂ ಅದೂ ಬೀರು ಸೇರಿತೆಂದೂ ಆಮೇಲೆ ತಿಳಿಯಿತು.

ಮೂರನೆಯ ವರ್ಷ, ನಾಗಮಂಗಲಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಬಂದ ಮರುದಿನವೇ ಕೇಳಿದಳು.

"ಅವ್ವಾ, ಶ್ಯಾವಿಗೆ ಕಾಯಾಲು ತಿನ್ನಂಗಾಗದೆ."

ಅವ್ವ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಒಬ್ಬಟ್ಟು ಮಾಡ್ಕೊಡ್ಲಾ?"

"ಬ್ಯಾಡ. ಶ್ಯಾವಿಗೆ. ದೊಡ್ಡವ್ವ ಒತ್ತಿದ್ದು."

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅವ್ವ ಆ ವಾರವೆಲ್ಲ ಎಲ್ಲಿ ಹೋದರೂ ಇನ್ನೂ ಹುಟ್ಟದ ಕೂಸಿನ ಕಿವಿಯನ್ನೇ ಕಂಡವಳ ಹಾಗಿದ್ದಳು. ಬೀರುವಿನ ಬಾಗಿಲು ತೆಗೆಯುವುದು, ಪಂಚೆಯ ತುಂಡನ್ನು ಮುಟ್ಟುವುದು, ಮತ್ತೆ ಮುಚ್ಚುವುದು. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಿದ್ದಳು. ಬೇರೆ ಗೋಡೆಗಳೂ ಇದ್ದವು; ಅವಳು ಒರಗುತ್ತಿದ್ದದ್ದು ಆ ಗೋಡೆಗೇ. ದೊಡ್ಡವ್ವ ಇನ್ನೂ ಅವಳನ್ನು ನೋಡಲು ಬಂದಿರಲಿಲ್ಲ.

ಒಂದು ಸಂಜೆ ಅವ್ವ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಅಕ್ಕ ಮಲಗಿದ್ದಳು. ಗೋಡೆಯಾಚೆ ಮೊರದ ಸದ್ದು ಕೇಳುತ್ತಿತ್ತು. ನಾನು ಗೋಡೆಯ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡೆ. ಕೆ.ಆರ್. ಪೇಟೆ ಕಾಲೇಜಿನಲ್ಲಿ ಮೇಷ್ಟರ ದನಿಯಲ್ಲಿ ಹಾಜರಿ ಕೂಗಿ ಕ್ಲಾಸನ್ನೇ ಎದ್ದು ನಿಲ್ಲಿಸಿದವನು ನಾನು. ಅವ್ವನ ದನಿ ನನಗೆ ಯಾವ ಲೆಕ್ಕ?

"ಅಕ್ಕಯ್ಯ," ಎಂದೆ ಅವ್ವನಾಗಿ. "ಬಿಲ್ಲೆ ಇಲ್ಲೈತೆ. ಒರಳು ಅಲ್ಲೈತೆ. ಕೂಸು ಶ್ಯಾವಿಗೆ ಕೇಳ್ತಾವ್ಳೆ."

ಮೊರ ನಿಂತಿತು.

ಆಮೇಲೆ ದೊಡ್ಡವ್ವನ ದನಿ, ಗೋಡೆಗೆ ತೀರಾ ಹತ್ತಿರದಿಂದ. "ಕೂಸು ಬಂದ ದಿನಾನೇ ಗೊತ್ತಾಯ್ತು ಕಣಮ್ಮಿ. ಕೆಮ್ಮಿದ್ದು ಕೇಳ್ತು. ನಾನ್ ಸಾಕಿದ್ ಕೂಸಿನ ಕೆಮ್ಮು ನಂಗೊತ್ತಾಗಕಿಲ್ವಾ? ಇವತ್ ಕರೀತೀಯ, ನಾಳೆ ಕರೀತೀಯ ಅಂತ ಕಾಯ್ತಾ ಕುಂತಿವ್ನಿ. ಇಟ್ಟು ತಿರುವೋವಾಗ್ಲೂ ಕಿವಿ ಈ ಕಡೀಕೇ ಇರ್ತದೆ. ನಂಗೇನ್ ಒರಳು ಬೇಕಾಗಿತ್ತಾ? ನೀನ್ ತಟ್ಟೆ ಹಿಡೀದೆ ನಾನ್ಯಾರಿಗ್ ಒತ್ಲಿ?"

ನಾನು ಬಾಯಿ ತೆರೆದೆ. ಅವ್ವ ಈಗ ಏನನ್ನುತ್ತಿದ್ದಳು? ದನಿ ಇತ್ತು, ಮಾತಿರಲಿಲ್ಲ. ಊರಿನವರೆಲ್ಲರ ಗಂಟಲು ಕದ್ದವನು, ನನ್ನದು ಯಾವುದೆಂದು ತಿಳಿಯದೆ ಇಟ್ಟಿಗೆ ನೋಡುತ್ತ ನಿಂತೆ.

"ಓಗ್ಲಿ ಬುಡು," ಎಂದಳು ದೊಡ್ಡವ್ವ. "ನಿಮ್ಮವ್ವ ಡೈರಿಯಿಂದ ಬಂದ್ಮೇಕೆ ಏಳ್ಲಾ, ಅಕ್ಕಿ ನೆನಾಕು ಅಂತ."

ನನ್ನ ಕಿವಿ ಬಿಸಿಯಾಯಿತು. "ನಾನು ಅಂತ ಯಾವಾಗ್ ಗೊತ್ತಾಯ್ತು ದೊಡ್ಡವ್ವ?"

"ಬಾಯ್ ಬುಟ್ ಕೂಡ್ಲೆ. ನಿಮ್ಮವ್ವ ಇಷ್ಟು ಗಟ್ಟಿಯಾಗ್ ಕರೆಯೋಳಾಗಿದ್ರೆ ಮೂರ್ ವರ್ಸ ಇಂಗ್ ಇರ್ತಿದ್ವೇನ್ಲಾ? ಆಮೇಲ್ ಇನ್ನೊಂದು. ನೀನ್ ನನ್ನಂಗ್ ಮಾತಾಡಿ ಅವಳ್ನ ನಗಿಸ್ತೀಯಲ್ಲ, ಅದೂ ಕೇಳ್ತದೆ ಇಲ್ಲಿಗೆ. ನಾನ್ ಅಷ್ಟು ಮೂಗಲ್ ಮಾತಾಡಕಿಲ್ಲ ಕಣ್ಲಾ ಬಡ್ಡೈದ್ನೆ."

ಅವ್ವ ಬಂದಾಗ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಹಾಲಿನ ಕ್ಯಾನು ಕೆಳಗಿಟ್ಟು, "ನಗೋದೂ ಕೇಳ್ತದಂತಾ?" ಎಂದಷ್ಟೇ ಕೇಳಿದಳು. ಆಮೇಲೆ ಅಕ್ಕಿ ಅಳೆದಳು.

ಎರಡು ದಿನ ಬಿಟ್ಟು ದೊಡ್ಡವ್ವ ಬಂದಳು. ಹಿತ್ತಿಲ ಕಡೆಯಿಂದಲ್ಲ, ಒರಳನ್ನು ತಲೆಯ ಮೇಲೆ ಹೊತ್ತು, ಬೀದಿಗುಂಟ, ಮುಂಬಾಗಿಲಿನಿಂದ. ಅಕ್ಕನ ಕೆನ್ನೆ ಸವರಿ, ಒಲೆಯ ಹತ್ತಿರ ಹೋಗಿ ಒರಳನ್ನಿಳಿಸಿದಳು. ಅವ್ವ ಹುಣಿಸೆಹಣ್ಣು ಹಾಕಿ ಉಜ್ಜಿಟ್ಟಿದ್ದ ಬಿಲ್ಲೆ ಕೊಟ್ಟಳು. ಸುಡುವ ಉಂಡೆ ತುಂಬಿದರು. ದೊಡ್ಡವ್ವ ಹಿಡಿಯ ಮೇಲೆ, ಅವ್ವ ತಟ್ಟೆ ಹಿಡಿದು. ಕಿರ್ರ್ ಎಂದಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ಫಟ್ ಎಂದಿತು.

ಒರಳು ಮೇಲಿನಿಂದ ಕೆಳಗಿನವರೆಗೆ ಸೀಳಿ, ಸೀಳಿನಿಂದ ಬಿಳಿಯ ಹಿಟ್ಟು ನಿಧಾನವಾಗಿ ಹೊರಬಂತು. ತಟ್ಟೆಯಲ್ಲಿ ಒಂದೆಳೆ ಶ್ಯಾವಿಗೆ, ಬೆರಳುದ್ದದ್ದು.

"ಎಣ್ಣೆ ಕಾಣಿಸ್ನಿಲ್ಲ ಕಣಮ್ಮಿ," ಎಂದಳು ದೊಡ್ಡವ್ವ, ಸೀಳನ್ನು ಬೆರಳಿನಿಂದ ಸವರುತ್ತ. "ಬಿಲ್ಲೆ ಇಲ್ದಿದ್ ಒರಳಿಗೆ ಎಣ್ಣೆ ಯಾಕೆ ಅಂತ ಮೂಲೇಲ್ ಬುಟ್ಬುಟ್ಟೆ."

ಅವ್ವ ತಟ್ಟೆಯನ್ನು ಕೆಳಗಿಡಲೇ ಇಲ್ಲ.

ಆಗ ಅಪ್ಪನ ಜೀವನದ ದೊಡ್ಡ ಗಳಿಗೆ ಬಂತು. ಬೀರುವಿಗೆ ಕೈ ಹಾಕಿ ಹಿಂದಿನ ಸಾಲಿನಿಂದ ಸ್ಟೀಲಿನ ಒತ್ತು ತೆಗೆದ. ದೊಡ್ಡವ್ವ ಅದನ್ನು ನೋಡಿ, "ಇದು ನಮ್ಮನೇಲೂ ಒಂದದೆ, ತಕ್ಕೊಬಾ ಓಗ್ಲಾ" ಎಂದು ನನ್ನನ್ನು ಓಡಿಸಿದಳು. ಎರಡು ಒತ್ತು, ನಾಲ್ಕು ಜನ. ಇಬ್ಬರು ಬುಡ ಹಿಡಿದರೆ ಇಬ್ಬರು ತಿರುಗಿಸಬೇಕು. ಒಬ್ಬರೇ ತಿರುಗಿಸುವ ಸಾಮಾನಿಗೆ ಅಷ್ಟು ಜನ ಬೇಕಾಯಿತು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಂದದ್ದು ಶ್ಯಾವಿಗೆಯಲ್ಲ, ಎರೆಹುಳುವಿನಷ್ಟು ದಪ್ಪ, ಗೇಣಿಗೊಂದು ತುಂಡು. "ಬನ್ನಿ ತಾಯಿ ಬನ್ನಿ" ಎಂದು ಶುರು ಮಾಡಿದೆ. ಅಂದು ನಗಿಸಲು ನಾನು ಬೇಕಾಗಿರಲಿಲ್ಲ. ಅವ್ವ, ದೊಡ್ಡವ್ವ ಇಬ್ಬರೂ ಆಗಲೇ ಒಬ್ಬರ ಭುಜಕ್ಕೊಬ್ಬರು ತಾಗಿಕೊಂಡು ನಗುತ್ತಿದ್ದರು. ಕಣ್ಣಿನಲ್ಲಿ ನೀರು, ಈರುಳ್ಳಿ ಇಲ್ಲದೆಯೇ.

ಅಕ್ಕ ಕಾಯಿಹಾಲು ಹಾಕಿಕೊಂಡು ಒಂದು ತುತ್ತು ತಿಂದಳು. ಎಲ್ಲರೂ ಅವಳ ಬಾಯಿ ನೋಡಿದೆವು.

"ಅಂಗಿಲ್ಲ," ಎಂದಳು. ಆಮೇಲೆ ತಟ್ಟೆ ಮುಂದೆ ಚಾಚಿ, "ಇನ್ನೊಸಿ ಇಕ್ಕು" ಎಂದಳು.

ಹುಟ್ಟಿದ ಕೂಸಿನ ಕಿವಿ ಸೋರಲಿಲ್ಲ. ಅದು ತನ್ನ ಒತ್ತಿನ ಪುಣ್ಯವೆಂದು ಅಪ್ಪ ಇಂದಿಗೂ ನಂಬಿದ್ದಾನೆ. ಒತ್ತುಗಳು ಮಾತ್ರ ಮರುದಿನವೇ ತಂತಮ್ಮ ಬೀರುವಿನ ಹಿಂದಿನ ಸಾಲಿಗೆ ಹೋದವು. ದೊಡ್ಡವ್ವ ಈಗ ಸಾರಿನ ಬಟ್ಟಲು ಹಿಡಿದು ಬರುತ್ತಾಳೆ, ಅವ್ವ ಅದನ್ನು ಖಾಲಿ ಹಿಂದಿರುಗಿಸುವುದಿಲ್ಲ. ಸಂತೆಬಾಚಹಳ್ಳಿಯ ಬಡಗಿಯೊಬ್ಬರು ಸೀಳಿದ ಒರಳನ್ನು ತಿರುಗಿಸಿ ನೋಡಿ, ಇದು ರಿಪೇರಿಗೆ ಬಗ್ಗುವುದಿಲ್ಲ, ಬೇಕಾದರೆ ಹೊಸದು ಮಾಡಿಕೊಡುತ್ತೇನೆ ಎಂದರು. ಇಬ್ಬರೂ ಹೂಂ ಎಂದರು. ಯಾರೂ ಮಾಡಲು ಹೇಳಲಿಲ್ಲ. ಹೊಸ ಒರಳು ಬಂದರೆ ಅದನ್ನು ಯಾರ ಮನೆಯಲ್ಲಿಡುವುದು? ಆ ಮಾತನ್ನು ಎತ್ತುವ ಧೈರ್ಯ ಇಬ್ಬರಿಗೂ ಇಲ್ಲ. ಬಿಲ್ಲೆ ಮತ್ತೆ ಪಂಚೆಯ ತುಂಡಿನೊಳಗಿದೆ. ವರ್ಷಕ್ಕೊಮ್ಮೆ ಅವ್ವ ಅದನ್ನು ಹುಣಿಸೆಹಣ್ಣಿನಲ್ಲಿ ಉಜ್ಜಿಡುತ್ತಾಳೆ.

ಹೋದ ಹಬ್ಬಕ್ಕೆ ನಾಗಮಂಗಲದಿಂದ ಅಕ್ಕ ಮಗುವಿನೊಂದಿಗೆ ಬಂದಿದ್ದಳು. ಎಂದಿನಂತೆ ಆ ಗೋಡೆಗೆ ಒರಗಿ ಕೂತು, "ಒಂದ್ಸಲ ಒರಳಿನ್ ಸದ್ದು ಮಾಡ್ಲಾ" ಎಂದಳು ನನಗೆ. ಮಾಡಿದೆ. ಮೊದಲು ಮರದ ಕಿರ್ರ್. ಮಗು ನಕ್ಕಿತು. ಆಮೇಲೆ ದೊಡ್ಡವ್ವನ ದನಿ, ಈಗ ಮೂಗು ಸ್ವಲ್ಪ ಕಡಿಮೆ ಮಾಡಿ: "ಸಾಕೇನಮ್ಮಿ?"

ಒಲೆಯ ಮುಂದಿದ್ದ ಅವ್ವ ತಿರುಗಲಿಲ್ಲ. ಬೆಂಕಿಗೆ ಹೇಳುವಂತೆ, "ಇನ್ನೊಂದ್ ಒತ್ತಕ್ಕಯ್ಯ" ಎಂದಳು.

ಆ ದನಿ ಗೋಡೆ ದಾಟುವಷ್ಟು ಗಟ್ಟಿ ಇರಲಿಲ್ಲ. ಅದನ್ನೇ ನಾನು ಅವ್ವನ ದನಿಯಲ್ಲಿ ಇನ್ನೊಂದು ಸಲ, ದಾಟುವಷ್ಟು ಗಟ್ಟಿಯಾಗಿ ಹೇಳಿದೆ.