ಟ್ರ್ಯಾಕ್ಟರಿನ ಕತ್ತು

ಆಗ ನಾನು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ರಜೆಯ ದಿನ ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಗೆ ಹೋಗಿ ಅಣ್ಣನ ಟ್ರ್ಯಾಕ್ಟರಿಗೆ ಎಣ್ಣೆ ಹಾಕುವುದು, ಬೋಲ್ಟುಗಳನ್ನು ಬಿಗಿ ಮಾಡುವುದು ನನ್ನ ಪದ್ಧತಿ. ಅದು ತಪ್ಪುತ್ತಿರಲಿಲ್ಲ.

ಅಣ್ಣ ಮೊದಲು ಓಡಿಸುತ್ತಿದ್ದುದು ಹಳೆಯ ಕಾಲದ ಟ್ರ್ಯಾಕ್ಟರು. ಅದರ ಹಿಂದೆ, ನೆಲಕ್ಕೆ ಹತ್ತಿರವಾಗಿ, ಒಂದೇ ಒಂದು ಕಬ್ಬಿಣದ ಪಟ್ಟಿ. ನೇಗಿಲನ್ನು ಅದಕ್ಕೆ ಸಿಕ್ಕಿಸಿದರೆ ಗಾಡಿಯಂತೆ ಹಿಂದೆ ಬರುತ್ತಿತ್ತು. ಆಮೇಲೆ ಕೊಂಡ ಹೊಸ ಮಾದರಿಯಲ್ಲಿ ಆ ಪಟ್ಟಿಯ ಜೊತೆಗೆ ಕೆಳಗೆ ಎರಡು ತೋಳು, ಮೇಲೊಂದು ತೋಳು. ಮೂರಕ್ಕೂ ಕಟ್ಟಿದ ನೇಗಿಲು ಟ್ರ್ಯಾಕ್ಟರಿನ ಮೈಯೇ ಆಗಿಬಿಡುತ್ತಿತ್ತು. ನೆಲ ನೇಗಿಲನ್ನು ಬಿಗಿಹಿಡಿದಷ್ಟೂ ಮೇಲಿನ ತೋಳು ಮುಂದಕ್ಕೆ ಒತ್ತಿ ಮುಂದಿನ ಚಕ್ರಗಳನ್ನು ಏಳದಂತೆ ಹಿಡಿಯುತ್ತಿತ್ತು. ಆ ತೋಳು ಟ್ರ್ಯಾಕ್ಟರಿಗೆ ಸೇರುವ ಜಾಗಕ್ಕೆ ನಮ್ಮೂರವರು ‘ಕತ್ತು’ ಎಂದು ಹೆಸರಿಟ್ಟಿದ್ದರು. ಆ ಹೆಸರು ನನಗೆ ಮೊದಲಿನಿಂದಲೂ ಸರಿಬರಲಿಲ್ಲ.

ಆ ಭಾನುವಾರ ಹೊಲದ ನಡುವಿನ ಹುಣಸೆ ಬೊಡ್ಡೆ ಕೀಳಬೇಕಿತ್ತು. ಅಣ್ಣ ನೇಗಿಲು ಬಿಚ್ಚಿಟ್ಟ. ಸರಪಳಿಯನ್ನು ಬೊಡ್ಡೆಗೆ ಸುತ್ತಿ, ಇನ್ನೊಂದು ತುದಿಯನ್ನು ಕತ್ತಿಗೆ ಸಿಕ್ಕಿಸಿದ. ಅಲ್ಲಿಂದ ಎಳೆದರೆ ಮುಂಭಾಗ ಮೇಲೇಳುತ್ತದೆ, ಕೆಳಗಿನ ಪಟ್ಟಿಗೆ ಕಟ್ಟು ಎಂದೆ.

“ಎತ್ತು ಎಳೆಯೋದು ಕತ್ತಿಂದ ಕಣ್ಲಾ, ಬಾಲದಿಂದಲ್ಲ,” ಎಂದ.

ಬುತ್ತಿ ತಂದು ಬದುವಿನ ಮೇಲೆ ನಿಂತಿದ್ದ ಅತ್ತಿಗೆಯೂ ನಕ್ಕಳು.

ಮೊದಲ ಎಳೆತಕ್ಕೆ ಮುಂದಿನ ಚಕ್ರಗಳು ಗೇಣುದ್ದ ಎದ್ದು ಧೊಪ್ಪನೆ ಬಿದ್ದವು. ಅತ್ತಿಗೆಯ ನಗು ನಿಂತಿತು. ಸಾಕು, ಆಳುಗಳನ್ನು ಕರೆದು ಅಗೆಸೋಣ ಎಂದಳು. ಆದರೆ ಬೊಡ್ಡೆಯ ಬುಡದಲ್ಲಿ ಮಣ್ಣು ಬಿರಿದದ್ದು ಅಣ್ಣನಿಗೆ ಕಂಡಿತ್ತು.

“ಇನ್ನೊಂದ್ಸಲ ಅಷ್ಟೇ. ನೀ ಆ ಕಡೀಕೆ ಓಗು.”

ನಾನು ಸರಪಳಿ ಬಿಚ್ಚಲು ಬಗ್ಗುವಷ್ಟರಲ್ಲಿ ಅದು ಬಿಗಿದುಕೊಂಡಿತ್ತು. ಎಂಜಿನ್ನಿನ ಸದ್ದು ದಪ್ಪವಾಯಿತು. ಮುಂಭಾಗ ಎದ್ದಿತು, ಈ ಸಲ ನಿಲ್ಲಲಿಲ್ಲ. ಅಣ್ಣನ ಕಾಲು ಕ್ಲಚ್ಚು ಮುಟ್ಟುವುದರೊಳಗೆ ಟ್ರ್ಯಾಕ್ಟರು ಅವನ ಮೇಲೆ ಮಗುಚಿತ್ತು. ಚಕ್ರಗಳು ಆಕಾಶಕ್ಕೆ ಮುಖ ಮಾಡಿ ತಿರುಗುತ್ತಲೇ ಇದ್ದವು. ಎಂಜಿನ್ ಆರಿಸಿದವನು ನಾನು.

ಮಣ್ಣು ಮಾಡಿ ಬಂದ ಮೇಲೆ ಊರವರು ದೃಷ್ಟಿ ತಾಕಿತು ಎಂದರು, ಹುಣಸೆಯಲ್ಲಿ ದೆವ್ವವಿತ್ತು ಎಂದರು. ಅತ್ತಿಗೆ ಮಾತ್ರ ಜನ ಸೇರಿ ಎತ್ತಿ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಬಳಿಗೆ ನನ್ನನ್ನು ಕರೆದುಕೊಂಡು ಹೋದಳು.

“ಎಲ್ಲಿಗೆ ಕಟ್ಟಬೇಕಿತ್ತು, ತೋರ್ಸಪ್ಪ.”

ತೋರಿಸಿದೆ. ಬಗ್ಗಿ ಪಟ್ಟಿಯನ್ನು ಮುಟ್ಟಿದಳು, ತಲೆಯೆತ್ತಿ ಕತ್ತನ್ನು ನೋಡಿದಳು. ನಡುವೆ ಒಂದು ಮೊಳವಿತ್ತೋ ಇಲ್ಲವೋ.

“ಇಷ್ಟೇನಾ,” ಎಂದಳು.