ಕ್ಲೀಟ್ ನೋವಾಟ್ನಿ ತೊಳೆಯದೆ ಬಿಟ್ಟ ಗೋಡೆ

ಪೆನ್ಸಿಲ್ವೇನಿಯಾದ ನಮ್ಮ ಉಕ್ಕಿನೂರಿನಲ್ಲಿ ಮನೆಗಳ ಹೊರಗೋಡೆ ತೊಳೆಯುವುದೇ ಕಸುಬಾದ ಕ್ಲೀಟ್ ನೋವಾಟ್ನಿ ತೊಳೆಯದ ಮನೆ ಒಂದೇ, ಅವನದೇ. ಅದರ ಹಸಿರು ಅಲ್ಯೂಮಿನಿಯಂ ಗೋಡೆಗೆ ಬೆನ್ನು ತಾಗಿಸಿದರೆ ಅಂಗಿಯೆಲ್ಲ ಹಳೇ ಬಣ್ಣ ಉದುರಿದ ಬಿಳಿ ಪುಡಿ. "ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಅದು ನಿನ್ನ ನೋಡೇ ಇರ್ಬೇಕು" ಎಂದು ನಾನು ಛೇಡಿಸುತ್ತಿದ್ದೆ. ಅವನು ನಕ್ಕು ಬಕೆಟ್ಟು ಎತ್ತಿಕೊಳ್ಳುತ್ತಿದ್ದ.

ಕಾರಣ ನನಗೆ ತಿಳಿದದ್ದು ತಡವಾಗಿ. ಹಿಂದಿನ ಗೋಡೆಯಲ್ಲಿ, ಲೈಲ್ಯಾಕ್ ಹೂಗಿಡದ ಮರೆಯಲ್ಲಿ, ನಾನು ಕೆಲಸಕ್ಕೆ ಸೇರುವ ಮೊದಲೇ ಅವನ ಏಳು ವರ್ಷದ ಮಗಳು ಡಾರ್ಲಾ ಆ ಪುಡಿಯ ಮೇಲೆ ಬೆರಳಿನಿಂದ ಏಣಿ ಬರೆದು, ತುದಿಯಲ್ಲಿ ಅಪ್ಪನನ್ನು ನಿಲ್ಲಿಸಿದ್ದಳು. ಗೋಡೆ ಕೆಡಿಸಿದಳೆಂದು ಇವನು ಗದರಿದ್ದ. ಅದೇ ಚಳಿಗಾಲ ಹುಡುಗಿ ಮೆದುಳು ಜ್ವರದಲ್ಲಿ ಹೋದಳು. ಉಳಿದದ್ದು ಆ ಗೀಟುಗಳಷ್ಟೇ.

ಕೆಲಸದಲ್ಲಿ ಮಾತ್ರ ಅವನು ರಾಕ್ಷಸ. ಅವನ ಕೈಕೆಳಗಿದ್ದ ನನಗೆ ರಭಸದಿಂದ ನೀರು ಚಿಮ್ಮಿಸುವ ಪ್ರೆಷರ್ ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ. "ಲೋ ಡೋಲನ್, ಬಣ್ಣ ಸತ್ತಿರೋ ಗೋಡೆ ಕಣೋ ಇದು, ಮುದುಕೀರ ಬೆನ್ನು ತಿಕ್ದಂಗೆ ತಿಕ್ಬೇಕು!" ಮರೆಯ ಮೂಲೆಯಲ್ಲಿ ಮೊದಲು ಪರೀಕ್ಷೆ, ನೆರಳಿರುವ ಕಡೆಯೇ ಕೆಲಸ, ಮೆದು ಬ್ರಷ್ಷು, ಸೌಮ್ಯ ಸೋಪು, ಕೆಳಗಿನಿಂದ ಮೇಲಕ್ಕೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಉಜ್ಜಿದರೆ ಪಟ್ಟೆ ಬೀಳುತ್ತದೆಂದು ಹನ್ನೊಂದು ವರ್ಷ ನನ್ನ ತಲೆ ತಿಂದ.

ಹೋದ ಮೇ ತಿಂಗಳಲ್ಲಿ ಅವನು ಹರ್ನಿಯಾ ಆಪರೇಷನ್ನಿಗೆ ಆಸ್ಪತ್ರೆ ಸೇರಿದ. ಬರುವಷ್ಟರಲ್ಲಿ ಮನೆ ತೊಳೆದಿಟ್ಟು ಬೆರಗುಗೊಳಿಸೋಣವೆಂದು ನಾನೇ ಹೊರಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಮೂರು ದಿನ, ಅವನು ಕಲಿಸಿದಂತೆಯೇ, ಒಂದು ಪಟ್ಟೆ ಬೀಳದಂತೆ ತೊಳೆದೆ.

ಅವನು ಕಾರಿನಿಂದ ಇಳಿದವನೇ, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನೇರ ಹಿತ್ತಲಿಗೆ ನಡೆದ. ಲೈಲ್ಯಾಕ್ ಕೊಂಬೆ ಸರಿಸಿದ.

"ಇಲ್ಲೂ ತೊಳ್ದ್ಯಾ?"

"ಬಿಡ್ತೀನಾ? ಯಾರೋ ಏನೋ ಗೀಚಿದ್ರು. ಗೀಟಿದ್ದ ಕಡೆ ಪುಡಿ ಹೋಗಿತ್ತಲ್ಲ, ಅದು ಕಾಣ್ಬಾರ್ದು ಅಂತ ಸುತ್ತ ಎಲ್ಲಾ ಎರಡೆರಡು ಸಲ ತಿಕ್ದೆ ನೋಡು" ಎಂದೆ, ಎದೆಯುಬ್ಬಿಸಿ.

ಕ್ಲೀಟ್ ಬಯ್ಯಲಿಲ್ಲ. ಆಗ ಬೈದಿದ್ದರೆ ಇವತ್ತು ನನಗೆ ನಿದ್ದೆಯಾದರೂ ಬರುತ್ತಿತ್ತು. ಕಷ್ಟಪಟ್ಟು ಮಂಡಿಯೂರಿ, ಮಗುವಿನ ಎತ್ತರದಲ್ಲಿ ಗೋಡೆಯ ಮೇಲೆ ಬೆರಳಾಡಿಸಿದ. ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಚೂರೂ ಪುಡಿ ಇರಲಿಲ್ಲ.

"ಒಳ್ಳೆ ಕೆಲಸ ಕಲ್ತಿದೀಯ ತಮ್ಮಾ" ಎಂದ. "ನನ್ನ ಡಾರ್ಲಾ ಬರ್ದಿದ್ದು ಕಣೋ ಅದು."