ಬಸಣ್ಣನ ತೊಡೆಯ ಗೆರೆ

ಜನ ‘ಕರೆಂಟ್ ಕೊಡೋದು’ ಅಂತಾರಲ್ಲ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆ ವಿಕಿರಣದ ಯಂತ್ರ ನಡೆಸುವವನು ನಾನು. ಸಂತೆಕಲ್ಲೂರಿನ ರೈತ ಬಸಣ್ಣನಿಗೆ ತೊಡೆಯ ಮಾಂಸದಲ್ಲಿ ಕ್ಯಾನ್ಸರ್ ಗಂಟಾಗಿತ್ತು. ದಿನಾ ಬೆಳಿಗ್ಗೆ ಉಂಡು ಗುಳಿಗೆ ನುಂಗಬೇಕು, ಜೊತೆಗೇ ಕರೆಂಟು. ಗಂಟು ಕುಗ್ಗಿದರೆ ಆಪರೇಷನ್ನಿನಲ್ಲಿ ಕಾಲು ಉಳಿಯಬಹುದು ಎಂದಿದ್ದರು ಡಾಕ್ಟರು.

ಕಿರಣ ಬೀಳಬೇಕಾದ ಜಾಗಕ್ಕೆ ಶಾಯಿಯಲ್ಲಿ ಗೆರೆ ಎಳೆದು, ಅಳಿಸಬೇಡಿ ಎಂದು ಕಳಿಸಿದ್ದೆ. ಮರುದಿನ ನೋಡಿದರೆ ತೊಡೆ ತಿಕ್ಕಿ ತೊಳೆದ ತಂಬಿಗೆಯ ಹಾಗೆ ಸ್ವಚ್ಛ!

“ಜಳಕ ಯಾಕ ಮಾಡಿದ್ರಿ?” ಎಂದು ರೇಗಿದೆ.

“ಜಳಕ ಇಲ್ದ ಲಿಂಗಪೂಜಿ ಇಲ್ರೀ. ಪೂಜಿ ಆಗೂತನ ಬಾಯಾಗ ಹನಿ ನೀರೂ ಹಾಕಂಗಿಲ್ಲ. ಗುಳಿಗಿ ಹ್ಯಾಂಗ ನುಂಗ್ಲಿ?”

“ಹಂಗಾರ ಕಾಲಿನ ಆಸೆ ಬಿಡ್ರಿ!” ಎಂದುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶಿವಮ್ಮ ಗಂಡನ ಕಡೆ ತಿರುಗಿದಳು. “ಲಿಂಗ ಕೂಡೂದು ಅಂಗೈ ಮ್ಯಾಲ, ತೊಡಿ ಮ್ಯಾಲಲ್ಲ. ಆ ತೊಡಿ ಒಂದು ತೋಯ್ಲಿಲ್ಲಂದ್ರ ಶಿವ ಏನ್ ಸಿಟ್ಟಾಗಂಗಿಲ್ಲ.”

ನಾನು ಮತ್ತೆ ಗೆರೆ ಎಳೆದೆ. ಶಿವಮ್ಮ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ತೊಳೆದು, ದಿನಾ ಜಳಕಕ್ಕೆ ಮುಂಚೆ ಆ ತೊಡೆಗೆ ಸುತ್ತಿ ಕಟ್ಟತೊಡಗಿದಳು. ಅಲ್ಲಿಂದ ಜಳಕ, ಪೂಜೆ, ಊಟ, ಗುಳಿಗೆ, ಕರೆಂಟು ಒಂದು ದಿನವೂ ತಪ್ಪಲಿಲ್ಲ. ಗಂಟು ಕುಗ್ಗಿತು. ಆಪರೇಷನ್ ಆಯಿತು. ಕಾಲು ಉಳಿಯಿತು!

ಮೊನ್ನೆ ಮಸ್ಕಿ ಬಸ್‌ಸ್ಟ್ಯಾಂಡಿಗೆ ಸಿಂಧನೂರಿನ ಬಸ್ಸು ಬರುತ್ತಲೇ ಎಲ್ಲರೂ ಓಡಿದರು. ನನ್ನನ್ನು ದಾಟಿ ಮುಂದೆ ಹೋದವನೊಬ್ಬ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ. ಅವನು ತಿರುಗಿದರೆ ಬಸಣ್ಣ!

“ಲಗೂ ಬರ್ರೀ ಸರ,” ಎಂದು ಕೂಗಿದ. “ನಿಮ್ಮ ಕಾಲಿಗೇನಾಗೈತಿ?”